ನಡುಮನೆಯ ಸುತ್ತುದಾರಿ

ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು ಎಂದು ಶುರುಮಾಡಿದರೆ ನೀನು ನಗುತ್ತೀಯ, ಅದಕ್ಕೇ ಬಿಟ್ಟಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನಾವಿಬ್ಬರೂ ಎಂದರೆ ನಾನು ಮತ್ತು ದೊರೆ. ದೊರೆಯ ಹಣೆಯ ಮೇಲೆ ಒಂದು ಸಣ್ಣ ಗಾಯವಾಗಿದೆ, ಬಾಗಿಲಿಗೆ ತಾಗಿಸಿಕೊಂಡ, ಅಷ್ಟೇ. ಹೊಲಿಗೆ ಹಾಕಿದ್ದಾರೆ, ಮಾಯುತ್ತಿದೆ. ಅದು ಬಿಟ್ಟರೆ ಮನೆಯಲ್ಲಿ ಹೊಸದೇನೂ ಇಲ್ಲ.

ಫೋನ್ ಮಾಡದೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡಿ, ಅಕ್ಕ ಒಪ್ಪಿದಳು ಎಂದು ನೀನೇ ತೀರ್ಮಾನ ಮಾಡಿ ಇಟ್ಟುಬಿಡುತ್ತೀಯ. ಚಿಕ್ಕವಳಿದ್ದಾಗಲೂ ಹೀಗೇ ಇದ್ದೆ. ಕಾಗದಕ್ಕಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನೀನು ಕೇಳಿದ್ದಕ್ಕೆ ಉತ್ತರವನ್ನು ಮೊದಲೇ ಬರೆದುಬಿಡುತ್ತೇನೆ. ನಾವು ನಿನ್ನ ಮನೆಗೆ ಬರುವುದಿಲ್ಲ. ನಿನ್ನ ಮನೆ ದೊಡ್ಡದು, ಎರಡು ಬೀದಿಯಾಚೆ ಪ್ರಾಣಿಗಳ ಆಸ್ಪತ್ರೆ ಇದೆ, ನೀನೋ ನಿನ್ನ ಗಂಡನೋ ಯಾರಾದರೊಬ್ಬರು ಯಾವಾಗಲೂ ಮನೆಯಲ್ಲಿರುತ್ತೀರಿ, ಎಲ್ಲ ನಿಜ. ದೊರೆಯನ್ನು ಇನ್ನು ಮೇಲೆ ಒಂಟಿಯಾಗಿ ಬಿಡಬೇಡಿ, ಅವನ ಸಕ್ಕರೆ ಯಾವಾಗ ಏರುತ್ತದೋ ಯಾವಾಗ ಇಳಿಯುತ್ತದೋ ಹೇಳಲಾಗುವುದಿಲ್ಲ, ಇಳಿದಾಗ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಕೈಬಿಟ್ಟು ಹೋಗುತ್ತಾನೆ ಎಂದು ಇಲ್ಲಿನ ಡಾಕ್ಟರಮ್ಮ ಹೇಳಿದ್ದೂ ನಿಜ. ಅದನ್ನು ನಿನ್ನ ಕಿವಿಗೆ ಹಾಕಿದ್ದೇ ನನ್ನ ತಪ್ಪು. ಆದರೆ ದೊರೆ ಕುರುಡು ನಾಯಿ, ಪುಟ್ಟಿ. ಅವನಿಗೆ ಗೊತ್ತಿರುವುದು ಈ ಮನೆಯೊಂದೇ. ಯಾವ ಮೂಲೆಯಲ್ಲಿ ನೀರಿನ ಬಟ್ಟಲಿದೆ, ಎಲ್ಲಿ ಹೊಸ್ತಿಲು ಎತ್ತರ, ಹೊಲಿಗೆ ಯಂತ್ರದ ಕಾಲು ಎಲ್ಲಿ ಚಾಚಿಕೊಂಡಿದೆ, ಎಲ್ಲ ಅವನಿಗೆ ಬಾಯಿಪಾಠ. ಅವನನ್ನು ಎತ್ತಿಕೊಂಡು ಹೋಗಿ ಗುರುತಿಲ್ಲದ ಮನೆಯ ನಡುವೆ ಇಳಿಸಿದರೆ ಅವನು ಎಲ್ಲಿಗೆ ಅಂತ ಹೋಗಬೇಕು. ನೀನು ಇದೆಲ್ಲ ನೆಪ ಅನ್ನುತ್ತೀಯ. ಅನ್ನು.

ಅವನ ದಿನಚರಿ ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ನೀನು ಬಂದಾಗಲೆಲ್ಲ ಅಡುಗೆಮನೆಯಿಂದ ಎದ್ದು ಹೋಗಿಬಿಡುತ್ತೀಯ, ಸೂಜಿ ಕಂಡರಾಗದು. ಬೆಳಿಗ್ಗೆ ಮೊದಲು ಊಟ, ಆಮೇಲೆ ಸೂಜಿ. ತಿನ್ನದಿದ್ದರೆ ಸೂಜಿ ಇಲ್ಲ. ಆದ್ದರಿಂದ ಬೇಯಿಸಿದ ಕೋಳಿಯನ್ನು ಕೈಯಲ್ಲಿ ಹಿಡಿದು, ಮದುವೆಗೆ ಬಂದ ಬೀಗರನ್ನು ಬೇಡಿಕೊಳ್ಳುವ ಹಾಗೆ ಬೇಡಿಕೊಳ್ಳುತ್ತೇನೆ. ದೊರೆಗಳು ಮೂಸಿ ನೋಡಿ, ಮುಖ ತಿರುಗಿಸಿ, ನಾನು ಬೈಯಲು ಬಾಯಿ ತೆರೆಯುವಾಗ ತಿನ್ನುತ್ತಾರೆ. ಔಷಧಿಯ ಸೀಸೆಯನ್ನು ಫ್ರಿಜ್ಜಿನಿಂದ ತೆಗೆದು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು, ಕುಲುಕಬಾರದು. ಹೆಗಲ ಹಿಂದಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು ಚುಚ್ಚಬೇಕು, ನಿನ್ನೆ ಚುಚ್ಚಿದ ಜಾಗದಲ್ಲಿ ಇವತ್ತು ಬೇಡ. ಸಂಜೆ ಮತ್ತೆ ಇದೇ. ಕಾರ್ಖಾನೆಯಲ್ಲಿ ನರ್ಸುಗಳ ಸಮವಸ್ತ್ರಕ್ಕೆ ಹತ್ತಾರು ಪದರ ಬಟ್ಟೆಯನ್ನು ಒಟ್ಟಿಗೆ ಹಾಸಿ, ಸೀಮೆಸುಣ್ಣದ ಗೆರೆಯ ಮೇಲೆ ಒಂದೇ ಏಟಿಗೆ ಕತ್ತರಿಸುವವಳು ನಾನು. ಕೈ ಒಂದಿಷ್ಟು ಅಲುಗಿದರೆ ಅಷ್ಟೂ ಜನ ನರ್ಸುಗಳ ತೋಳು ಗಿಡ್ಡ. ಅಲ್ಲಿ ಅಲುಗದ ಕೈ ಈ ಸೂಜಿ ಹಿಡಿದಾಗ ಇವತ್ತಿಗೂ ಅಲುಗುತ್ತದೆ.

ಅಮ್ಮನ ಕೈ ಅಲುಗುತ್ತಿರಲಿಲ್ಲ. ಕೊನೆಯ ದಿನಗಳಲ್ಲಿ ಮಗ್ಗುಲು ಬದಲಿಸಲಾಗದಿದ್ದರೂ ದೊರೆಯ ಸೂಜಿಯನ್ನು ನನಗೆ ಬಿಟ್ಟುಕೊಡಲಿಲ್ಲ. ನಾನು ಔಷಧಿ ತುಂಬಿ ಕೊಡಬೇಕು, ಅವನು ಬಂದು ಮಂಚದ ಪಕ್ಕದಲ್ಲಿ ನಿಲ್ಲಬೇಕು, ಅವಳು ಮಲಗಿದಲ್ಲಿಂದಲೇ ಕೈ ಇಳಿಬಿಟ್ಟು ಚುಚ್ಚಬೇಕು. ಚುಚ್ಚಿದ ಮೇಲೆ ಅದೇ ಕೈ ಅವನ ತಲೆಯ ಮೇಲೆ ಸ್ವಲ್ಪ ಹೊತ್ತು ಇರುತ್ತಿತ್ತು. ಅವನ ಕಣ್ಣು ಪೂರ್ತಿ ಹೋದದ್ದು ಆಗಲೇ. ಬಾಡಿಗೆಗೆ ತಂದ ಆಸ್ಪತ್ರೆ ಮಂಚ ನಡುಮನೆಯ ನಟ್ಟನಡುವೆ ಇದ್ದದ್ದು ನೆನಪಿದೆಯಲ್ಲ, ಎರಡೂ ಬದಿಯಿಂದ ನರ್ಸು ಓಡಾಡಲು ಜಾಗ ಬೇಕು ಎಂದು. ಮುಂಬಾಗಿಲಿನಿಂದ ಅಡುಗೆಮನೆಗೆ ಹೋಗಲು ನೆಟ್ಟಗಿದ್ದ ದಾರಿ ಅದರಿಂದ ಮುಚ್ಚಿಹೋಗಿ, ಕಿಟಕಿ ಪಕ್ಕದಿಂದ ಸುತ್ತಿ ಹೋಗಬೇಕಾಗಿತ್ತು. ದೊರೆ ಕುರುಡನಾಗಿ ಕಲಿತ ಮನೆ ಆ ಮಂಚ ಇದ್ದ ಮನೆ.

ಈಗ ನಿನಗೆ ಹೇಳದಿದ್ದ ಒಂದು ವಿಷಯ. ಅಮ್ಮ ಹೋದ ಮೇಲೆ ಬಾಡಿಗೆ ಅಂಗಡಿಯವನು ಬಂದು ಮಂಚ ಒಯ್ದ. ಕೋಣೆ ಬಯಲಾಯಿತು. ಆದರೆ ದೊರೆ ನಡುವೆ ಕಾಲಿಡಲಿಲ್ಲ. ಮಂಚದ ಅಂಚು ಎಲ್ಲಿತ್ತೋ ಅಲ್ಲಿಗೆ ಬಂದು ತಿರುಗುತ್ತಿದ್ದ, ಕಿಟಕಿ ಪಕ್ಕ ಹೋಗುತ್ತಿದ್ದ, ಕಾಲ್ದೆಸೆಯನ್ನು ಬಳಸಿ ಅಡುಗೆಮನೆಗೆ ಬರುತ್ತಿದ್ದ. ಅಷ್ಟೇ ಅಲ್ಲ. ಅಮ್ಮನ ಕೈ ಇಳಿಬೀಳುತ್ತಿದ್ದ ಜಾಗದಲ್ಲಿ ನಿಂತು, ತಲೆ ಎತ್ತಿ, ಸ್ವಲ್ಪ ಹೊತ್ತು ಕಾಯುತ್ತಿದ್ದ. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅದಕ್ಕಾಗಿಯೇ ನಾನು ಬೇಗ ಮನೆಗೆ ಬರತೊಡಗಿದೆ. ಇಡೀ ಲೋಕದಲ್ಲಿ ಅಮ್ಮ ಇನ್ನೂ ಮಲಗಿದ್ದಾಳೆ ಎಂದುಕೊಂಡಿರುವ ಜೀವ ಒಂದಾದರೂ ಇದೆಯಲ್ಲ, ಅದೂ ನನ್ನ ಮನೆಯಲ್ಲೇ. ಅವನಿಗೆ ಗೊಂದಲವಾಗಬಾರದೆಂದು ನಾನೂ ನಡುವೆ ಕಾಲಿಡಲಿಲ್ಲ, ಅವನ ಜೊತೆ ಸುತ್ತಿಯೇ ಹೋದೆ. ಅಲ್ಲಿ ಒಂದು ಕುರ್ಚಿ ಹಾಕಲಿಲ್ಲ, ಒಂದು ಚಾಪೆ ಹಾಸಲಿಲ್ಲ. ಹೋದ ಸಲ ನೀನು ನಿನ್ನ ಪೆಟ್ಟಿಗೆಯನ್ನು ಅಲ್ಲಿ ಇಟ್ಟಾಗ ನಾನು ಹಾರಿಬಿದ್ದದ್ದು ಯಾಕೆ ಎಂದು ಈಗ ಗೊತ್ತಾಯಿತಲ್ಲ. ಸುಮ್ಮನೆ ನೆಲ ಒರೆಸಿದ್ದೇನೆ ಎಂದಿದ್ದೆ.

ಕೆಳಮನೆಯ ಪೋಸ್ಟಿನವರ ವಿಷಯ ಹೇಳಿದ್ದೇನೆ. ಜೀವಮಾನವೆಲ್ಲ ನಾಯಿಗಳಿಗೆ ಹೆದರಿ ಕಾಗದ ಹಂಚಿದವರು, ನಿವೃತ್ತರಾದ ಮೇಲೆ ಒಂದು ಕುರುಡು ನಾಯಿಗೆ ಮನಸೋತಿದ್ದಾರೆ. ನಾನು ಕಾರ್ಖಾನೆಗೆ ಹೋದಾಗ ಮಧ್ಯಾಹ್ನ ಮೇಲೆ ಬಂದು ಅವನಿಗೆ ನೀರು ಕೊಟ್ಟು, ಟೆರೇಸಿಗೆ ಕರೆದುಕೊಂಡು ಹೋಗಿ ಬರುತ್ತಾರೆ. ಒಂದು ದಿನ ನಾನು ಇವರಿಗೆ ದೊರೆಯ ಈ ಸುತ್ತುದಾರಿಯ ಕಥೆ ಹೇಳಿದೆ, ಕಣ್ಣಲ್ಲಿ ನೀರು ತರಿಸಬಹುದು ಎಂದುಕೊಂಡು. ಅವರು ಕನ್ನಡಕ ಒರೆಸಿಕೊಂಡು, “ನನ್ ಹತ್ರ ಹಾಗೇನೂ ಮಾಡಲ್ವಲ್ಲಮ್ಮ. ಅಡುಗೆಮನೆ ಬಾಗಿಲಲ್ಲಿ ನಿಂತು ಕರೀತೀನಿ, ನೆಟ್ಟಗೆ ಬರ್ತಾನೆ,” ಅಂದರು. ನಾನು ನಕ್ಕುಬಿಟ್ಟೆ. ನಿಮಗೆ ಸರಿಯಾಗಿ ಕಂಡಿರಲಿಕ್ಕಿಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ಮತ್ತೆ ಆ ಮಾತು ಎತ್ತಲಿಲ್ಲ.

ನಾನೂ ಎತ್ತಲಿಲ್ಲ. ಆದರೆ ಮಾತು ಒಳಗೆ ಮುಳ್ಳಿನ ಹಾಗೆ ಉಳಿಯಿತು. ಈ ತಿಂಗಳ ಒಂದನೇ ತಾರೀಖು, ಶನಿವಾರ, ಅರ್ಧ ದಿನ ಕೆಲಸ ಮುಗಿಸಿ ಬಂದೆ. ಸಾಮಾನ್ಯವಾಗಿ ಬಾಗಿಲ ಬಳಿಯೇ ಇರುವವನು ಕಾಣಲಿಲ್ಲ. ನೋಡಿದರೆ ನಡುಮನೆಯ ನಟ್ಟನಡುವೆ, ಅಮ್ಮನ ಎದೆ ಇರುತ್ತಿದ್ದ ಜಾಗದಲ್ಲಿ, ಕಾಲು ಚೆಲ್ಲಿ ಬಿದ್ದಿದ್ದಾನೆ, ಮೈ ನಡುಗುತ್ತಿದೆ. ಸಕ್ಕರೆ ಇಳಿದಿತ್ತು. ಬೆಳಿಗ್ಗೆ ತಿಂದದ್ದನ್ನು ನಾನು ಹೋದ ಮೇಲೆ ಕಕ್ಕಿಕೊಂಡಿದ್ದ. ಜೇನಿನ ಬಾಟಲಿ ತಂದು ವಸಡಿಗೆ ಸವರಿದೆ, ಮತ್ತೆ ಸವರಿದೆ, ಹೆಸರು ಹಿಡಿದು ಕೂಗಿದೆ. ಎಷ್ಟೋ ಹೊತ್ತಿನ ಮೇಲೆ ನಾಲಿಗೆ ಹೊರಬಂದು ನನ್ನ ಬೆರಳು ನೆಕ್ಕಿತು. ಇಲ್ಲಿಯವರೆಗೂ ನಿನಗೂ ಗೊತ್ತು, ಅವತ್ತೇ ಫೋನ್ ಮಾಡಿದ್ದೆ. ನೀನು ಅಳುತ್ತ, ಇನ್ನು ಸಾಕು ಅಕ್ಕ, ಇಲ್ಲಿಗೆ ಬಂದುಬಿಡಿ ಎಂದದ್ದು ಅವತ್ತೇ.

ಹೇಳದೆ ಇದ್ದದ್ದು ಇದು. ಅವನು ಬದುಕಿದ ಎಂದು ಗೊತ್ತಾದ ಕೂಡಲೇ ನನಗೆ ಸಿಟ್ಟು ಬಂತು. ಅವನ ಮೇಲೆ. ಅಲ್ಲಿ ಯಾಕೆ ಮಲಗಿದ, ಅಮ್ಮನ ಮೇಲೆ ಹೇಗೆ ನಡೆದು ಬಂದ. ನೀನೂ ಮರೆತೆಯಾ ಎಂದು ಜೋರಾಗಿಯೇ ಕೇಳಿದೆ, ಪುಟ್ಟಿ, ಬಾಯಿಗೆ ಜೇನು ಮೆತ್ತಿಕೊಂಡು ತಲೆ ಎತ್ತಲಾರದೆ ಬಿದ್ದಿದ್ದ ಆ ಮುದಿ ಜೀವವನ್ನು. ಅವನು ಬಾಲದ ತುದಿಯನ್ನು ನೆಲಕ್ಕೆ ಒಮ್ಮೆ ಬಡಿದ. ನನ್ನ ದನಿ ಕೇಳಿದ್ದಕ್ಕೆ ಇರಬೇಕು.

ಆಮೇಲೆ ನಾನೊಂದು ಕೆಲಸ ಮಾಡಿದೆ. ಕಾಯಿಲೆ ಅವನ ತಲೆಯಲ್ಲಿರುವ ಮನೆಯನ್ನು ಅಳಿಸುತ್ತಿದೆ, ಮಂಚ ಮತ್ತೆ ಬಂದರೆ ಎಲ್ಲ ಸರಿಹೋಗುತ್ತದೆ, ದಾರಿ ನೆನಪಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ದಿನ ಹೇಳಿಕೊಂಡೆ, ಚೆನ್ನಾಗಿ ನಂಬಿಕೆ ಬಂತು. ಮಂಗಳವಾರ ರಜೆ ಹಾಕಿ ಅದೇ ಬಾಡಿಗೆ ಅಂಗಡಿಗೆ ಹೋಗಿ ಅದೇ ಮಂಚ ಕೇಳಿದೆ. ಅದು ಬೇರೆ ಯಾರದೋ ಮನೆಗೆ ಹೋಗಿ ಬಂದು ಮೂಲೆಯಲ್ಲಿ ನಿಂತಿತ್ತು. ತಲೆದೆಸೆಯ ಕಂಬಿಯಲ್ಲಿ ಅಮ್ಮ ತೂಗುಹಾಕುತ್ತಿದ್ದ ಕನ್ನಡಕ ಉಜ್ಜಿ ಉಜ್ಜಿ ಬಣ್ಣ ಹೋದ ಜಾಗದಿಂದ ಗುರುತು ಹಿಡಿದೆ. ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಅಂಗಡಿಯವನು ಕೇಳಿದ. ನಮ್ಮ ದೊರೆಗೆ ಎಂದೆ. ಅವನು ಗಂಭೀರವಾಗಿ ತಲೆಯಾಡಿಸಿ, ಬೇಗ ಗುಣವಾಗಲಿ ಎಂದ. ಗಾಲಿಗಳ ಕಲೆ ನೆಲದ ಮೇಲೆ ಇನ್ನೂ ಇತ್ತು, ಆ ಕಲೆಗಳನ್ನೆಲ್ಲ ಸುತ್ತಿ ನಾನು ಸೀಮೆಸುಣ್ಣದಿಂದ ಮಂಚದಷ್ಟಗಲ ಗೆರೆ ಎಳೆದಿಟ್ಟಿದ್ದೆ, ನೂಲಿನಷ್ಟೂ ಆಚೀಚೆ ಆಗಬಾರದೆಂದು. ಮಂಚ ಇಳಿಸಿದ ಹುಡುಗರು ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಸಿಗೆ ಹಾಸಿ, ಹೊದಿಕೆಯ ಅಂಚನ್ನು ಒಳಗೆ ಸಿಕ್ಕಿಸಿದೆ, ಅಮ್ಮನಿಗೆ ಬೇಕಾಗುತ್ತಿದ್ದ ಹಾಗೆ.

ಆ ಸಂಜೆ ದೊರೆ ನನ್ನ ಹಿಂದೆ ಕಿಟಕಿ ಪಕ್ಕದಿಂದ ಸುತ್ತಿ ಬಂದ. ನಿಲ್ಲುವಲ್ಲಿ ನಿಂತ. ತಲೆ ಎತ್ತಿದ. ನಾನು ಗೆದ್ದೆ ಎಂದುಕೊಂಡು ಹೊಟ್ಟೆ ತುಂಬ ಊಟ ಮಾಡಿದೆ.

ಬುಧವಾರ ಮಧ್ಯಾಹ್ನ ಕತ್ತರಿ ಹಾಕುವ ಮೇಜಿನ ಬಳಿಯೇ ನನಗೆ ಫೋನ್ ಬಂತು. ಪೋಸ್ಟಿನವರ ದನಿ ಕೇಳಿದರೆ ಅವರಿಗೇ ಏಟಾಗಿದೆ ಎನ್ನಬೇಕು. ಅವರು ಎಂದಿನಂತೆ ಮೇಲೆ ಬಂದಿದ್ದಾರೆ, ಮಂಚ ಕಂಡು ಆಶ್ಚರ್ಯಪಟ್ಟು ಪಕ್ಕದಿಂದ ಬಳಸಿ ಅಡುಗೆಮನೆಗೆ ಹೋಗಿ ನೀರು ತುಂಬಿದ್ದಾರೆ, ಅಭ್ಯಾಸಬಲದಿಂದ ಅಲ್ಲಿಂದಲೇ ಕರೆದಿದ್ದಾರೆ. ದೊರೆ ಬಾಗಿಲ ಬಳಿಯಿಂದ ಎದ್ದು, ಕರೆದ ಕಡೆಗೆ, ಅನುಮಾನವಿಲ್ಲದೆ, ನೆಟ್ಟಗೆ ಬಂದಿದ್ದಾನೆ. ಕಬ್ಬಿಣದ ಅಂಚು ಹಣೆಗೆ ಬಡಿದಿದೆ. ಅವನು ಕೂಗಲಿಲ್ಲವಂತೆ. ಹಿಂದೆ ಸರಿದು, ಸ್ವಲ್ಪ ತಡೆದು, ಮತ್ತೆ ಅದೇ ದಾರಿಯಲ್ಲಿ ಬಂದು ಮತ್ತೆ ಬಡಿಸಿಕೊಂಡನಂತೆ, ಅಲ್ಲಿ ಏನೂ ಇಲ್ಲ ಎಂದು ಅವನಿಗೆ ಅಷ್ಟು ಖಾತ್ರಿ.

ಮೇಲೆ ಬಾಗಿಲು ಎಂದು ಬರೆದಿದ್ದೇನೆ. ಹೊಡೆದುಹಾಕಿದರೆ ಪುಟ ಗಲೀಜಾಗುತ್ತದೆ, ಹಾಗೇ ಇರಲಿ.

ಡಾಕ್ಟರಮ್ಮ ಹೊಲಿಗೆ ಹಾಕುವಾಗ ನಾನು ಅವನ ತಲೆ ಹಿಡಿದುಕೊಂಡಿದ್ದೆ. ಸಕ್ಕರೆ ಕಾಯಿಲೆಯವರ ಗಾಯ ಮಾಯುವುದು ತಡ, ಕೀವಾದರೆ ಸಂಭಾಳಿಸುವುದು ಕಷ್ಟ, ಇನ್ನೊಂದು ಸಲ ಹೀಗಾಗುವಂತಿಲ್ಲ ಎಂದರು. ಹೇಗಾಯಿತು ಎಂದು ಕೇಳಿದರು. ಪೋಸ್ಟಿನವರು ನನ್ನ ಕಡೆ ನೋಡಲಿಲ್ಲ. ನನ್ನಿಂದ ಆಯ್ತು, ಕೂಗಿ ಕರೆದೆ ಎಂದು ತಾವೇ ತಪ್ಪು ಹೊತ್ತರು. ನಾನು ದೊರೆಯ ತಲೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಮನೆಗೆ ಬಂದ ಮೇಲೆ ನಾವಿಬ್ಬರೂ ಸೇರಿ ಮಂಚವನ್ನು ಗೋಡೆಗೆ ತಳ್ಳಿದೆವು. ಆಗ ಅವರು ಮೆಲ್ಲಗೆ, “ಬೇಜಾರ್ ಮಾಡ್ಕೋಬೇಡಿ, ಒಂದ್ಸಲ ನೋಡಿಬಿಡೋಣ,” ಅಂದರು. ಅವರು ಅಡುಗೆಮನೆ ಬಾಗಿಲಿಗೆ ಹೋಗಿ ನಿಂತು ಕರೆದರು. ಹಣೆಗೆ ಪಟ್ಟಿ ಕಟ್ಟಿಕೊಂಡ ದೊರೆ ಮೊದಲು ಅನುಮಾನಿಸಿ, ಮೂಗು ಚಾಚಿ, ಆಮೇಲೆ ಕೋಣೆಯ ನಡುವೆಯೇ ನಡೆದು ಹೋದ. ಎಲ್ಲಿಯೂ ನಿಲ್ಲಲಿಲ್ಲ. ಅವನನ್ನು ಮತ್ತೆ ಮುಂಬಾಗಿಲಿಗೆ ತಂದು ಬಿಟ್ಟು, ಈಗ ನೀವು ನಡೀರಿ ಅಂದರು. ನಾನು ಮುಂಬಾಗಿಲಿನಿಂದ ಹೊರಟೆ. ನೆಟ್ಟಗೇ ಹೋಗಬೇಕು ಎಂದುಕೊಂಡೇ ಹೊರಟೆ, ಪುಟ್ಟಿ. ಸೀಮೆಸುಣ್ಣದ ಗೆರೆಯ ಹತ್ತಿರ ಬಂದದ್ದೇ ನನ್ನ ಕಾಲು ತಿರುಗಿತು. ಕಿಟಕಿ ಪಕ್ಕ ಹೋದೆ. ಅಮ್ಮನ ಕೈ ಇರುತ್ತಿದ್ದಲ್ಲಿ ನಿಂತೆ. ನಿಂತು, ಕೆಳಗೆ ನೋಡಿದರೆ ನನ್ನ ಕೈ ಇಳಿಬಿದ್ದಿದೆ, ಕೈಯ ಕೆಳಗೆ ದೊರೆಯ ತಲೆ. ನನ್ನ ಹಿಂದೆಯೇ ಬಂದು ನಿಂತಿದ್ದಾನೆ.

ಅವನು ಕಾಯುತ್ತಿದ್ದದ್ದು ನನ್ನ ಕೈಗೆ. ದಿನವೂ ಅಲ್ಲಿ ನಿಲ್ಲುತ್ತಿದ್ದವಳು ನಾನು, ತಲೆ ಸವರುತ್ತಿದ್ದವಳು ನಾನು, ಅವನು ನನ್ನ ಹೆಜ್ಜೆಯ ಸಪ್ಪಳ ಹಿಡಿದು ಬರುತ್ತಿದ್ದ. ಮಂಚ ಹೋದದ್ದು ಅವನಿಗೆ ಮೊದಲ ದಿನವೇ ಗೊತ್ತಾಗಿರಬೇಕು. ಅಕ್ಕ ಯಾಕೋ ಸುತ್ತಿ ಹೋಗುತ್ತಾಳೆ, ಹೋಗಲಿ ಪಾಪ ಎಂದು ಜೊತೆಗೆ ಬಂದಿದ್ದಾನೆ, ಅಷ್ಟೇ. ಒಂದು ವರ್ಷ ನಾನು ಅವನಿಗಾಗಿ ಸುತ್ತುತ್ತಿದ್ದೇನೆ ಎಂದುಕೊಂಡಿದ್ದೆ. ಪೋಸ್ಟಿನವರು ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋದರು. ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ, ಗೆರೆಯ ಹೊರಗೆ.

ಇನ್ನು ನಿನ್ನ ಪ್ರಶ್ನೆ. ಶುರುವಿನಲ್ಲಿ ಬರುವುದಿಲ್ಲ ಎಂದು ಬರೆದೆ, ಬರೆಯುವಾಗ ಅದು ನಿಜವೇ ಆಗಿತ್ತು. ಇಷ್ಟು ಬರೆದ ಮೇಲೆ ಅದನ್ನು ಹಿಡಿದುಕೊಂಡು ಕೂರಲು ನನ್ನ ಹತ್ತಿರ ಕಾರಣವೇ ಉಳಿದಿಲ್ಲ. ಅವನಿಗೆ ಈ ಮನೆ ಬೇಕಿಲ್ಲ. ಮುಂದೆ ಒಂದು ಹೆಜ್ಜೆಯ ಸಪ್ಪಳ ಇದ್ದರೆ ಯಾವ ಮನೆಯಲ್ಲಾದರೂ ನಡೆದಾನು. ಈ ಮನೆಯಲ್ಲಿ ನಾನು ಇಲ್ಲದ ಹೊತ್ತಿನಲ್ಲಿ ಅವನು ಇನ್ನೊಮ್ಮೆ ಹಾಗೆ ಬಿದ್ದರೆ, ನಾನು ಅವನನ್ನು ಕೊಂದದ್ದು ನನ್ನ ಹಟಕ್ಕೆ. ಆದ್ದರಿಂದ ಮುಂದಿನ ಭಾನುವಾರ ಗಾಡಿ ಮಾಡಿಕೊಂಡು ಬಾ. ನಿಮ್ಮ ಫ್ರಿಜ್ಜಿನಲ್ಲಿ ಮೇಲಿನ ಅರೆ ಖಾಲಿ ಮಾಡಿಡು, ಔಷಧಿ ಬಾಗಿಲಿನಲ್ಲಿ ಇಡುವಂತಿಲ್ಲ. ಸೂಜಿ ಚುಚ್ಚುವುದನ್ನು ನೀನೂ ಕಲಿಯಬೇಕು, ಕಣ್ಣು ಮುಚ್ಚಿಕೊಂಡರೆ ಆಗುವುದಿಲ್ಲ. ನಿನ್ನ ಗಂಡನಿಗೆ ಹೇಳು, ದೊರೆ ರಾತ್ರಿ ಎಷ್ಟು ಸಲ ಹೊರಗೆ ಹೋಗುತ್ತೇನೆಂದರೂ ಗೊಣಗುವ ಹಾಗಿಲ್ಲ, ಗೊಣಗುವುದಕ್ಕೆ ನಾನಿದ್ದೇನೆ. ನಿಮ್ಮ ಊರಿನಲ್ಲೂ ಬಟ್ಟೆ ಕತ್ತರಿಸುವವರು ಬೇಕಾಗಿಯೇ ಇರುತ್ತಾರೆ.

ಮಂಚವನ್ನು ನಿನ್ನೆ ಅಂಗಡಿಯವನು ಒಯ್ದ. ಗುಣವಾಯಿತೇ ಎಂದು ಕೇಳಿದ. ಮನೆ ಬದಲಿಸುತ್ತಿದ್ದೇವೆ ಎಂದೆ.

ಒಂದೇ ಒಂದು ಸಹಾಯ ಬೇಕು. ನೀನು ಬಂದ ದಿನ, ಸಾಮಾನು ಕಟ್ಟುವ ಮೊದಲು, ಏನೂ ಕೇಳದೆ ನನ್ನ ಕೈ ಹಿಡಿದುಕೊಂಡು ನಡುಮನೆಯ ನಡುವೆ ದಾಟಿಸಿಬಿಡು. ಈ ವಾರವೆಲ್ಲ ಒಬ್ಬಳೇ ಪ್ರಯತ್ನಪಟ್ಟೆ. ಗೆರೆಯನ್ನು ಒರೆಸಿಯೂ ಆಯಿತು. ಆದರೂ ಕಾಲು ಬರುವುದಿಲ್ಲ. ದೊರೆ ಮುಂದೆ ಹೋಗಿ ಆಚೆ ನಿಂತುಕೊಂಡು ಕಾಯುತ್ತಾನೆ, ನಾನು ಇನ್ನೂ ಈಚೆಯೇ ಇರುತ್ತೇನೆ.

ಪೋಸ್ಟಿನವರು ಈ ಕಾಗದವನ್ನು ತಾವೇ ಹಾಕಿ ಬರುತ್ತೇನೆ ಎಂದು ಕೆಳಗೆ ಕಾಯುತ್ತಿದ್ದಾರೆ. ಒಳಗೆ ಏನಿದೆ ಎಂದು ಕೇಳಲಿಲ್ಲ. ಅವರಿಗೆ ಕ್ಷಮೆ ಕೇಳಿದ್ದೇನೆ, ಒಂದು ಶರಟು ಹೊಲಿದು ಕೊಡಬೇಕೆಂದಿದ್ದೇನೆ.

ನಿನ್ನ ದಾರಿ ಕಾಯುತ್ತಿರುವ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಹೋದ ತಿಂಗಳು ಫೋನಿನಲ್ಲಿ ಮಾತಾಡುವಾಗ ನೀನು ಇದ್ದಕ್ಕಿದ್ದಂತೆ ನಿಲ್ಲಿಸಿ, ಅಲ್ಲಿ ಯಾರು ಓಡಾಡ್ತಿರೋದು ಎಂದು ಕೇಳಿದೆ. ಯಾರೂ ಇಲ್ಲ, ನಲ್ಲಿ ತೊಟ್ಟಿಕ್ಕುತ್ತಿದೆ ಎಂದೆ. ನೀನು ತಟ್ಟನೆ ಫೋನ್ ಇಟ್ಟುಬಿಟ್ಟೆ. ನಿನಗೆ ಗುರುತು ಸಿಕ್ಕಿತ್ತು ಎಂದು ನನಗೆ ಆಗಲೇ ಗೊತ್ತಾಯಿತು. ಅದು ಅಮ್ಮನ ಚಪ್ಪಲಿ. ಮನೆಯೊಳಗೆ ಹಾಕಿಕೊಳ್ಳುತ್ತಿದ್ದದ್ದು, ಎಡಗಾಲಿನದರ ಹಿಮ್ಮಡಿ ಬಿಟ್ಟುಕೊಂಡು ಚಪ್ ಚಪ್ ಎನ್ನುವುದು. ಅವಳು ಇನ್ನೂ ಓಡಾಡುತ್ತಿದ್ದಾಗ ಅಂಟಿಸಿಕೊಡುತ್ತೇನೆ ಎಂದಿದ್ದಕ್ಕೆ, “ಬೇಡ ಬಿಡು, ದೊರೆ ಕಣ್ಣು ಮಂಜಾಗ್ತಿದೆ, ನಾನೆಲ್ಲಿದ್ದೀನಿ ಅಂತ ಅವನಿಗೆ ಗೊತ್ತಾಗ್ಲಿ,” ಅಂದಿದ್ದಳು. ಮಂಚ ಹೋದ ದಿನ ಮೆಟ್ಟಿಕೊಂಡೆ, ನನ್ನ ಕಾಲಿಗೆ ದೊಡ್ಡದು, ಆದರೂ ನೀನು ಬಂದ ದಿನಗಳಲ್ಲಿ ಬಚ್ಚಿಟ್ಟದ್ದು ಬಿಟ್ಟರೆ ಮನೆಯೊಳಗೆ ಕಳಚಿಲ್ಲ. ಮೊನ್ನೆ ಅದನ್ನು ಬಾಗಿಲ ಬಳಿ ಕಳಚಿಟ್ಟು ಬರಿಗಾಲಲ್ಲಿ ಅಡುಗೆಮನೆಗೆ ಹೋದೆ. ದೊರೆ ಏಳಲಿಲ್ಲ. ಚಪ್ಪಲಿಯ ಮೇಲೆ ಗದ್ದ ಇಟ್ಟು ಅಲ್ಲೇ ಮಲಗಿದ್ದ. ಕರೆದರೆ ಬರುತ್ತಾನೆ, ಆದರೆ ಅವನು ಬಾಲ ಆಡಿಸಿಕೊಂಡು ಬರುವುದು ಆ ಸಪ್ಪಳಕ್ಕೆ ಮಾತ್ರ. ಆದ್ದರಿಂದ ಅದನ್ನು ಅಲ್ಲಿಗೂ ತರುತ್ತೇನೆ. ನಿನ್ನ ಮನೆಯ ಓಣಿಯಲ್ಲಿ, ಮೆಟ್ಟಿಲ ಬಳಿ, ಅಮ್ಮ ನಡೆದು ಬಂದ ಹಾಗೆ ಕೇಳಿಸಿದರೆ ಎದ್ದು ಬಂದು ನೋಡಬೇಡ. ನಾನೇ ಇರುತ್ತೇನೆ.